ನಂಪೈನ ಲಾಗ್10: ವೇಗಕ್ಕೆ ಮೆಚ್ಚುಗೆ, ‘ವೇರ್’ ಆಯ್ಕೆಗೆ ಆಕ್ಷೇಪ

ಪೈಥಾನ್‌ನ ನಂಪೈ ಲೈಬ್ರರಿಯಲ್ಲಿ (ಸಂಖ್ಯೆಗಳ ಲೆಕ್ಕಕ್ಕೆಂದಿರುವ ಸಿದ್ಧ ಕೋಡ್‌ನ ಸಂಗ್ರಹ) ಇರುವ ಲಾಗ್10 ಫಂಕ್ಷನ್, ಲೂಪ್ ಬರೆಯುವ ಅಗತ್ಯವಿಲ್ಲದೆ, ಅರೇಯ (ಸಂಖ್ಯೆಗಳ ಪಟ್ಟಿ) ಪ್ರತಿಯೊಂದು ಅಂಶದ ಸಾಮಾನ್ಯ (10 ಆಧಾರದ) ಲಾಗರಿದಮ್ ಅನ್ನು ಒಂದೇ ಸಾಲಿನಲ್ಲಿ ಲೆಕ್ಕ ಹಾಕುತ್ತದೆ. ಡೆಸಿಬೆಲ್ ಅಥವಾ ಪಿಎಚ್ ಮೌಲ್ಯಗಳನ್ನು ಕಂಡುಹಿಡಿಯುವವರಿಗೆ ಇಷ್ಟೇ ಸಾಕು.

ಇದರ ನಿಜವಾದ ಪರೀಕ್ಷೆ ನಡೆಯುವುದು ಶೂನ್ಯ ಮತ್ತು ಋಣ ಸಂಖ್ಯೆಗಳು ಎದುರಾದಾಗ. ಪೈಥಾನ್‌ನದೇ ಮ್ಯಾತ್ ಮಾಡ್ಯೂಲ್ ಇಂಥಲ್ಲಿ ದೋಷ ತೋರಿಸಿ ನಿಂತುಬಿಟ್ಟರೆ, ನಂಪೈ ಶೂನ್ಯಕ್ಕೆ ಋಣ ಅನಂತವನ್ನೂ ಋಣ ಸಂಖ್ಯೆಗೆ ‘ನ್ಯಾನ್’ ಅನ್ನೂ (‘ಸಂಖ್ಯೆಯಲ್ಲ’ ಎಂಬ ಗುರುತು) ತುಂಬಿ, ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ಲಕ್ಷಗಟ್ಟಲೆ ಅಂಶಗಳಿರುವಾಗ ಈ ನಡವಳಿಕೆಯೇ ಸರಿ. ಆದರೆ ತೊಂದರೆ ಯಾವ ಸ್ಥಾನದಲ್ಲಿದೆ ಎಂಬುದನ್ನು ಆ ಎಚ್ಚರಿಕೆ ಹೇಳುವುದಿಲ್ಲ, ಅದನ್ನು ನಾವೇ ಹುಡುಕಿಕೊಳ್ಳಬೇಕು.

‘ವೇರ್’ ಆಯ್ಕೆಯಿಂದ ಧನ ಸಂಖ್ಯೆಗಳಿಗೆ ಮಾತ್ರ ಲೆಕ್ಕವನ್ನು ಸೀಮಿತಗೊಳಿಸಬಹುದು. ಆದರೆ ಜೊತೆಗೆ ಉತ್ತರಗಳನ್ನು ತುಂಬಿಕೊಳ್ಳುವ ‘ಔಟ್’ ಅರೇಯನ್ನು ಕೊಡದಿದ್ದರೆ, ಬಿಟ್ಟ ಸ್ಥಾನಗಳಲ್ಲಿ ಮೆಮೊರಿಯಲ್ಲಿ ಮೊದಲೇ ಇದ್ದ ಅರ್ಥವಿಲ್ಲದ ಮೌಲ್ಯಗಳು ಉಳಿದುಬಿಡುತ್ತವೆ, ಅವು ಕೆಲವೊಮ್ಮೆ ನಿಜವಾದ ಉತ್ತರದಂತೆಯೇ ಕಾಣುತ್ತವೆ. ನನ್ನ ದೃಷ್ಟಿಯಲ್ಲಿ ಈ ಫಂಕ್ಷನ್ನಿನ ಅತಿ ಅಪಾಯಕಾರಿ ಮೂಲೆ ಇದೇ. ಸೊನ್ನೆ ಅಥವಾ ‘ನ್ಯಾನ್’ ತುಂಬಿದ ಅರೇಯನ್ನು ‘ಔಟ್’ಗೆ ಕೊಡುವ ಅಭ್ಯಾಸ ಒಳ್ಳೆಯದು. ಋಣ ಸಂಖ್ಯೆಗಳಿಗೆ ಸಂಮಿಶ್ರ ಉತ್ತರವೇ ಬೇಕೆನ್ನುವವರಿಗೆ ನಂಪೈನ ‘ಇಮ್ಯಾತ್’ ವಿಭಾಗದಲ್ಲಿ ಇದೇ ಹೆಸರಿನ ಇನ್ನೊಂದು ಫಂಕ್ಷನ್ ಇದೆ.