ರಾತ್ರಿ ಆಟದ ಫೋಟೊಗಳಿಗೆ ಡಾರ್ಕ್‌ಟೇಬಲ್

ರಾತ್ರಿ ಯಕ್ಷಗಾನದ ಫೋಟೊ ತೆಗೆಯುವವರು ಡಾರ್ಕ್‌ಟೇಬಲ್ ಒಮ್ಮೆ ಹಾಕಿಕೊಂಡು ನೋಡಲೇಬೇಕು. 2009ರಲ್ಲಿ ಶುರುವಾದ, ಫೋಟೊ ತಿದ್ದುವ ಮುಕ್ತ ತಂತ್ರಾಂಶ ಇದು, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಒಂದು ರೂಪಾಯಿ ಖರ್ಚಿಲ್ಲ. ಲೈಟ್‌ರೂಮ್‌ಗೆ (ಫೋಟೊ ತಿದ್ದುವ ಅಡೋಬಿಯ ತಂತ್ರಾಂಶ) ತಿಂಗಳು ತಿಂಗಳು ದುಡ್ಡು ಕಟ್ಟಲು ಆಗದವರು ಇದನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ನಾನು ಇಟ್ಟುಕೊಂಡಿರುವುದು ಬಿಟ್ಟಿ ಸಿಗುತ್ತದೆ ಅಂತಲ್ಲ. ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಹಿಡಿದು ತಿದ್ದಬಹುದು, ಅದಕ್ಕೆ.

ಮೊದಲ ಸಲ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಹಾಗೇ ಕೊಡುವ ಕಚ್ಚಾ ಚಿತ್ರ, ತೆರೆದಾಗ ಚಿತ್ರ ಮಂಕಾಗಿ ಕಾಣುತ್ತದೆ. ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಜೆಪೆಗ್‌ಗೆ ಕ್ಯಾಮೆರಾ ತಾನೇ ಕಾಂಟ್ರಾಸ್ಟ್ ಏರಿಸಿ ಬಣ್ಣ ಸರಿ ಮಾಡಿ ಕೊಟ್ಟಿರುತ್ತದೆ, ಡಾರ್ಕ್‌ಟೇಬಲ್ ಅದನ್ನು ನಕಲು ಮಾಡಲು ಹೋಗುವುದಿಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾ ಫೈಲ್‌ನಲ್ಲಿ 16,384. ಕತ್ತಲೆಯ ಜಾಗವನ್ನು ಬೆಳಗಿಸಿದಾಗ ಪಟ್ಟೆಪಟ್ಟೆಯಾಗಿ ಒಡೆಯದೆ ಉಳಿಯುವುದು ಇದರಿಂದಲೇ.

ಇದರಲ್ಲಿ ಒಂದೊಂದು ಬಗೆಯ ತಿದ್ದುಪಡಿಗೆ ಒಂದೊಂದು ಸಲಕರಣೆ, ಅದಕ್ಕೆ ಮಾಡ್ಯೂಲ್ ಅಂತಾರೆ. ನನಗೆ ತುಂಬ ಇಷ್ಟವಾದ ಮಾಡ್ಯೂಲ್ ಟೋನ್ ಈಕ್ವಲೈಜರ್. ಬಣ್ಣದ ವೇಷ (ರಾಕ್ಷಸ ಪಾತ್ರ) ಬಂತು ಅಂದುಕೊಳ್ಳಿ, ಕಿರೀಟ ಝಗಝಗ ಹೊಳೆಯುತ್ತದೆ, ಕೆಳಗೆ ಕಣ್ಣಿನ ಸುತ್ತ ಪೂರ್ತಿ ಕಪ್ಪು. ಕರ್ಸರ್ ಅನ್ನು ಕಣ್ಣಿನ ಹತ್ತಿರ ಇಟ್ಟು ಮೌಸಿನ ಚಕ್ರ ತಿರುಗಿಸಿದರೆ ಅಷ್ಟು ಕತ್ತಲೆಯಿರುವ ಜಾಗಗಳು ಮಾತ್ರ ಬೆಳಗುತ್ತವೆ, ಕಿರೀಟ ಇದ್ದ ಹಾಗೇ ಇರುತ್ತದೆ. ಕರ್ವ್ ಎಳೆದು ನೆರಳು ಎತ್ತಿದರೆ ಮುಖ ಚಪ್ಪಟೆಯಾಗುತ್ತದೆ ಅಲ್ವಾ, ಇಲ್ಲಿ ಹಾಗಾಗುವುದಿಲ್ಲ, ಮುಖಕ್ಕೆ ಇಟ್ಟ ಚುಟ್ಟಿಯ ಬಿಳಿ ಮುಳ್ಳುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಆದರೆ ಮೊದಲು ಮಾಸ್ಕಿಂಗ್ ಟ್ಯಾಬ್‌ಗೆ ಹೋಗಿ ಅಲ್ಲಿನ ಎರಡು ಮಂತ್ರದಂಡದ ಗುರುತುಗಳನ್ನು ಒತ್ತಲೇಬೇಕು. ಅದನ್ನು ಮಾಡದೆ ಇದು ಕೆಲಸ ಮಾಡುವುದಿಲ್ಲ ಅನ್ನುವವರೇ ಜಾಸ್ತಿ.

ಬಣ್ಣಕ್ಕೆ ಕಲರ್ ಕ್ಯಾಲಿಬ್ರೇಶನ್ ಇದೆ. ವೈಟ್ ಬ್ಯಾಲೆನ್ಸ್, ಅಂದರೆ ದೀಪದ ಬಣ್ಣದಿಂದ ಚಿತ್ರಕ್ಕೆ ಬಂದ ಛಾಯೆ, ತಿದ್ದುವುದು ಇಲ್ಲೇ. ಕಲಾವಿದರು ವೇಷ ಕಟ್ಟುವ ಚೌಕಿಯಲ್ಲಿ ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಟ್ಯೂಬ್‌ಲೈಟ್ ಇರುತ್ತದೆ, ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಈ ಮಾಡ್ಯೂಲನ್ನು ಎರಡು ಸಲ ಹಾಕಿ, ಎರಡಕ್ಕೂ ಮಾಸ್ಕ್ ಬರೆದು (ಯಾವ ಜಾಗಕ್ಕೆ ಮಾತ್ರ ಅಂತ ಗುರುತು ಮಾಡಿ), ಎರಡು ಬೆಳಕನ್ನೂ ಬೇರೆಬೇರೆಯಾಗಿ ಸರಿಪಡಿಸಬಹುದು. ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಚರ್ಮದ ಬಣ್ಣ ಆಗ ನಿಜವಾಗಿ ಬರುತ್ತದೆ, ಅದನ್ನು ನೋಡುವ ಖುಷಿಯೇ ಬೇರೆ.

ರಂಗಸ್ಥಳದ ನೀಲಿ ಎಲ್‌ಇಡಿ ಮಾತ್ರ ಕಷ್ಟ. ಮುಖವೆಲ್ಲ ಒಂದೇ ನೀಲಿ ತೇಪೆಯಾಗಿ ಕೂತಿರುತ್ತದೆ. ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನಲ್ಲೇ ಇರುವ, ವಿಪರೀತ ಗಾಢ ಬಣ್ಣವನ್ನು ತಗ್ಗಿಸುವ ಗ್ಯಾಮಟ್ ಕಂಪ್ರೆಶನ್ ಸ್ಲೈಡರ್ ಸ್ವಲ್ಪ ಏರಿಸಿ, ಆಮೇಲೆ ಚಿತ್ರದ ಬೆಳಕನ್ನು ಪರದೆಗೆ ಹೊಂದಿಸುವ ಸಿಗ್ಮಾಯ್ಡ್ ಮಾಡ್ಯೂಲ್ ಬಳಸಿದರೆ ಆ ತೇಪೆ ಒಡೆದು ಮೂಗು, ಕೆನ್ನೆಯ ಆಕಾರ ಬಹಳ ಮಟ್ಟಿಗೆ ಮರಳಿ ಬರುತ್ತದೆ. ಹೋದ ಕೆಂಪು ಬರುವುದಿಲ್ಲ. ದೀಪದ ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಮುಖದ ಕೆಂಪನ್ನು ಯಾವ ತಂತ್ರಾಂಶವೂ ತರಲಾರದು. ಅಂಥ ಫೋಟೊಗಳನ್ನು ಸುಮ್ನೆ ಎಳೆದಾಡದೆ ಕಪ್ಪು ಬಿಳುಪು ಮಾಡುವುದೇ ಒಳ್ಳೆಯದು.

ಕಲರ್ ಬ್ಯಾಲೆನ್ಸ್ ಆರ್‌ಜಿಬಿಯಲ್ಲಿ (ಇದೂ ಒಂದು ಮಾಡ್ಯೂಲ್) ಬಣ್ಣದ ಗಾಢತೆಗೆ ಕ್ರೋಮಾ ಬೇರೆ, ಸ್ಯಾಚುರೇಶನ್ ಬೇರೆ ಸ್ಲೈಡರ್. ಹೊಳಪು ಬದಲಾಗದೆ ಬಣ್ಣ ಮಾತ್ರ ಗಾಢವಾಗಬೇಕಾದರೆ ಕ್ರೋಮಾ ಮುಟ್ಟಿ.

ತೊಂದರೆಗಳೂ ಇವೆ. ಮಾಡ್ಯೂಲ್‌ಗಳು ವಿಪರೀತ, ಒಂದೇ ಕೆಲಸಕ್ಕೆ ಮೂರು ನಾಲ್ಕು ದಾರಿ, ಹೊಸಬರಿಗೆ ತಲೆ ಕೆಡುತ್ತದೆ. ಎಕ್ಸ್‌ಪೋಶರ್, ಸಿಗ್ಮಾಯ್ಡ್, ಮೇಲೆ ಹೇಳಿದ ಮೂರು, ಜೊತೆಗೆ ನಾಯ್ಸ್ (ಕತ್ತಲೆಯ ಫೋಟೊದಲ್ಲಿ ಬರುವ ಚುಕ್ಕೆಚುಕ್ಕೆ) ತೆಗೆಯಲು ಡಿನಾಯ್ಸ್ ಪ್ರೊಫೈಲ್ಡ್, ಇಷ್ಟನ್ನೇ ಒಂದು ಗುಂಪು ಮಾಡಿಟ್ಟುಕೊಂಡರೆ ಉಳಿದವು ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ನಲ್ಲಿ ನಿಧಾನ, ಡಿನಾಯ್ಸ್ ಹಾಕಿದ ಮೇಲಂತೂ ಕಾಯಬೇಕು. ಹೊಸ ಕ್ಯಾಮೆರಾ ಕೊಂಡಿದ್ದರೆ ಅದರ ರಾ ಫೈಲ್ ತೆರೆಯುತ್ತದೆಯೇ ಅಂತ ಡಾರ್ಕ್‌ಟೇಬಲ್‌ನವರ ಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಿ. ಮೂಲ ಫೋಟೊವನ್ನು ಇದು ಮುಟ್ಟುವುದಿಲ್ಲ, ತಿದ್ದಿದ್ದೆಲ್ಲ ಪಕ್ಕದಲ್ಲಿ ಒಂದು ಪುಟ್ಟ ಎಕ್ಸ್‌ಎಂಪಿ ಫೈಲ್‌ನಲ್ಲಿ ಕೂರುತ್ತದೆ, ಹಾಗಾಗಿ ಬೇರೆ ಡಿಸ್ಕಿಗೆ ಹಾಕುವಾಗ ಅದನ್ನೂ ಜೊತೆಗೇ ತೆಗೆದುಕೊಂಡು ಹೋಗಿ.