ಫ್ರೆಡ್ ದತ್ತಾಂಶ ಸೇವೆ: ಬೆಲೆ, ಬಡ್ಡಿಯ ಲೆಕ್ಕಕ್ಕೆ ನೆಚ್ಚಬಹುದು, ಪಾವತಿ ಶಿಲ್ಕಿನ ಲೆಕ್ಕಕ್ಕೆ ಎಚ್ಚರ ಬೇಕು

ಹಣದುಬ್ಬರ ಏರಿದಾಗಲೆಲ್ಲ ಕೇಂದ್ರ ಬ್ಯಾಂಕ್ ತಡವಾಗಿ ಎಚ್ಚೆತ್ತಿತು ಎಂಬ ಆರೋಪವೂ, ಬಡ್ಡಿದರ ಏರಿದಾಗಲೆಲ್ಲ ಅದು ಅತಿಯಾಯಿತು ಎಂಬ ದೂರೂ ಕೇಳಿಬರುತ್ತವೆ. ಇವುಗಳಲ್ಲಿ ಎಷ್ಟು ಹುರುಳಿದೆ ಎಂಬುದನ್ನು ಬೇರೆಯವರ ವ್ಯಾಖ್ಯಾನಕ್ಕೆ ಕಾಯದೆ, ಅಂಕಿಅಂಶಗಳನ್ನು ಎದುರಿಗಿಟ್ಟುಕೊಂಡು ತಾವೇ ಪರಿಶೀಲಿಸಬಯಸುವವರಿಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಭಾಗವಾಗಿರುವ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕ್ ನಡೆಸುವ ಫ್ರೆಡ್ ಎಂಬ ದತ್ತಾಂಶ ಸೇವೆಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಈ ವಿಮರ್ಶೆಯಲ್ಲಿ ಆ ಸೇವೆಯನ್ನು ಮೂರು ವಿಷಯಗಳ ಮಟ್ಟಿಗೆ ಮಾತ್ರ ಒರೆಗೆ ಹಚ್ಚಿದ್ದೇನೆ: ಹಣದುಬ್ಬರ, ಹಣಕಾಸು ನೀತಿ ಮತ್ತು ವಿದೇಶಿ ಪಾವತಿ ಶಿಲ್ಕು (ದೇಶವೊಂದು ಹೊರಗಿನ ಜಗತ್ತಿನೊಂದಿಗೆ ನಡೆಸುವ ಹಣದ ವ್ಯವಹಾರಗಳ ಲೆಕ್ಕ). ಮೊದಲೆರಡರಲ್ಲಿ ಅದು ಬಹುತೇಕ ನಿರ್ದೋಷವಾಗಿದೆ. ಮೂರನೆಯದರಲ್ಲಿ ಅದರ ಕೊರತೆಗಳು ಎದ್ದು ಕಾಣುತ್ತವೆ, ಮತ್ತು ಅವುಗಳನ್ನು ತಿಳಿಯದೆ ಬಳಸುವವರು ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆ ದೊಡ್ಡದು.

ಸೇವೆಯ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುವುದಾದರೆ, ಸೇಂಟ್ ಲೂಯಿಸ್ ಬ್ಯಾಂಕಿನ ಸಂಶೋಧನಾ ವಿಭಾಗವನ್ನು ನಡೆಸುತ್ತಿದ್ದ ಹೋಮರ್ ಜೋನ್ಸ್ 1960ರ ದಶಕದಲ್ಲೇ ಹಣದ ಪೂರೈಕೆಯ ಅಂಕಿಗಳನ್ನು ಕೋಷ್ಟಕಗಳಾಗಿ ಹೊರಗಿನವರಿಗೆ ಕಳುಹಿಸುವ ಪದ್ಧತಿ ಆರಂಭಿಸಿದ್ದರು. 1991ರಲ್ಲಿ ಅದೇ ಮನೋಭಾವದ ಮುಂದುವರಿಕೆಯಾಗಿ, ಮೋಡೆಮ್ ಮೂಲಕ ತಲುಪಬಹುದಾದ ವಿದ್ಯುನ್ಮಾನ ಫಲಕವಾಗಿ ಫ್ರೆಡ್ ಹುಟ್ಟಿತು. ಇಂದು 100ಕ್ಕೂ ಹೆಚ್ಚು ಮೂಲಗಳಿಂದ ತಂದ 8 ಲಕ್ಷಕ್ಕೂ ಹೆಚ್ಚು ದತ್ತಾಂಶ ಸರಣಿಗಳು ಅದರಲ್ಲಿವೆ. ಎಲ್ಲವೂ ಉಚಿತ, ಗ್ರಾಫ್‌ಗಳನ್ನು ಉಳಿಸಿಟ್ಟುಕೊಳ್ಳಲು ಮಾತ್ರ ಖಾತೆ ತೆರೆಯಬೇಕು, ಅದಕ್ಕೂ ಶುಲ್ಕವಿಲ್ಲ.

ಹಣದುಬ್ಬರದಿಂದ ಆರಂಭಿಸೋಣ. ಗ್ರಾಹಕ ಬೆಲೆ ಸೂಚ್ಯಂಕದ ಪುಟ ತೆರೆದರೆ ಮೊದಲು ಕಾಣುವುದು ಸದಾ ಮೇಲೇರುತ್ತಲೇ ಇರುವ ಒಂದು ಗೆರೆ. ಅದು ಬೆಲೆಗಳ ಮಟ್ಟವೇ ಹೊರತು ಹಣದುಬ್ಬರವಲ್ಲ. ಅಳತೆಯ ಆಯ್ಕೆಗೆ ಹೋಗಿ, ಹಿಂದಿನ ವರ್ಷದ ಇದೇ ತಿಂಗಳಿಗೆ ಹೋಲಿಸಿದ ಶೇಕಡಾವಾರು ಬದಲಾವಣೆಯನ್ನು ಆರಿಸಿದ ಕ್ಷಣದಲ್ಲಿ ಅದೇ ಸರಣಿ ಬೇರೆಯದೇ ಕಥೆ ಹೇಳತೊಡಗುತ್ತದೆ: 1980ರ ಆರಂಭದಲ್ಲಿ ಶೇ 14ನ್ನು ದಾಟಿದ ಶಿಖರ, ನಂತರದ ಮೂರು ವರ್ಷಗಳಲ್ಲಿ ಕಡಿದಾದ ಇಳಿತ, ಆಮೇಲೆ ದಶಕಗಳ ಶಾಂತಿ, 2022ರ ಜೂನ್‌ನಲ್ಲಿ ಶೇ 9.1ರ ಹೊಸ ಶಿಖರ. ಇಲ್ಲೊಂದು ಸೂಕ್ಷ್ಮವಿದೆ. ಋತುಮಾನದ ಏರಿಳಿತವನ್ನು ಸರಿಹೊಂದಿಸಿದ ಸರಣಿಯೂ, ಸರಿಹೊಂದಿಸದ ಸರಣಿಯೂ ಬೇರೆ ಬೇರೆ ಪುಟಗಳಲ್ಲಿವೆ. ಸುದ್ದಿಯಲ್ಲಿ ಬರುವ ವಾರ್ಷಿಕ ಹಣದುಬ್ಬರ ದರವನ್ನು ಲೆಕ್ಕ ಹಾಕುವುದು ಸರಿಹೊಂದಿಸದ ಸರಣಿಯಿಂದ. ಹುಡುಕಾಟದಲ್ಲಿ ಸಾಮಾನ್ಯವಾಗಿ ಮೊದಲು ಸಿಗುವುದು ಸರಿಹೊಂದಿಸಿದ್ದು. ಎರಡರ ನಡುವಣ ವ್ಯತ್ಯಾಸ ತೀರಾ ಚಿಕ್ಕದಾದರೂ, ಅಧಿಕೃತ ಅಂಕಿಗೂ ತಮ್ಮ ಗ್ರಾಫಿಗೂ ಏಕೆ ತಾಳೆಯಾಗುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವ ಹೊಸಬರಿಗೆ ಉತ್ತರ ಸಿಗುವುದು ಶೀರ್ಷಿಕೆಯ ಕೆಳಗಿನ ಸಣ್ಣ ಅಕ್ಷರಗಳಲ್ಲಿ. ಫೆಡರಲ್ ರಿಸರ್ವ್ 2012ರ ಜನವರಿಯಲ್ಲಿ ಘೋಷಿಸಿದ ಶೇ 2ರ ಗುರಿ ಈ ಸೂಚ್ಯಂಕಕ್ಕೆ ಸಂಬಂಧಿಸಿದ್ದೇ ಅಲ್ಲ, ವೈಯಕ್ತಿಕ ಬಳಕೆ ವೆಚ್ಚದ ಬೆಲೆ ಸೂಚ್ಯಂಕಕ್ಕೆ ಸಂಬಂಧಿಸಿದ್ದು. ಮನೆ ಬಾಡಿಗೆಯಂಥ ವಸತಿ ವೆಚ್ಚಕ್ಕೆ ಅದರಲ್ಲಿ ತೂಕ ಕಡಿಮೆ. 2022ರ ಮಧ್ಯಭಾಗದಲ್ಲಿ ಅದು ತೋರಿಸಿದ ಏರಿಕೆ ಶೇ 7ರ ಆಸುಪಾಸಿನಲ್ಲಿತ್ತು. ಎರಡನ್ನೂ ಒಂದೇ ಗ್ರಾಫಿನಲ್ಲಿ ಇಟ್ಟು ನೋಡಲು ಇಲ್ಲಿ ಅರ್ಧ ನಿಮಿಷ ಸಾಕು.

ಹಣಕಾಸು ನೀತಿಯ ವಿಷಯದಲ್ಲಿ ಈ ಸೇವೆಯ ನಿಜವಾದ ಶಕ್ತಿ ಇರುವುದು ಸೂತ್ರ ಬರೆಯುವ ಸೌಲಭ್ಯದಲ್ಲಿ. ಫೆಡರಲ್ ಫಂಡ್ಸ್ ಬಡ್ಡಿದರದ (ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ಪರಸ್ಪರ ಸಾಲ ಕೊಡುವ ದರ, ಕೇಂದ್ರ ಬ್ಯಾಂಕ್ ಏರಿಸಿ ಇಳಿಸುವುದು ಇದನ್ನೇ) ಸರಣಿಯಿಂದ ಹಣದುಬ್ಬರ ದರದ ಸರಣಿಯನ್ನು ಕಳೆಯುವಂತೆ ಒಂದು ಸಾಲಿನ ಸೂತ್ರ ಕೊಟ್ಟರೆ ನೈಜ ಬಡ್ಡಿದರದ ಗೆರೆ ಮೂಡುತ್ತದೆ, ಮತ್ತು ನೀತಿ ಬಿಗಿಯಾಗಿತ್ತೋ ಸಡಿಲವಾಗಿತ್ತೋ ಎಂಬ ವಾದಕ್ಕೆ ಆ ಗೆರೆಯಷ್ಟು ನೇರವಾದ ಸಾಕ್ಷಿ ಇನ್ನೊಂದಿಲ್ಲ. 1975ರ ಜನವರಿಯಲ್ಲಿ ಬಡ್ಡಿದರ ಶೇ 7ರಷ್ಟಿತ್ತು. ಕೇಳಲು ದುಬಾರಿ ಎನಿಸುತ್ತದೆ. ಆದರೆ ಬೆಲೆಗಳು ಶೇ 11ಕ್ಕೂ ಹೆಚ್ಚಿನ ವೇಗದಲ್ಲಿ ಏರುತ್ತಿದ್ದುದರಿಂದ ಸಾಲ ಪಡೆದವರು ನಿಜದಲ್ಲಿ ಲಾಭದಲ್ಲಿದ್ದರು. 1979ರ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡು, ಅಕ್ಟೋಬರ್‌ನಲ್ಲಿ ಕಾರ್ಯವಿಧಾನವನ್ನೇ ಬದಲಿಸಿದ ಬಳಿಕ ಚಿತ್ರ ತಿರುವುಮುರುವಾಯಿತು. 1981ರ ಜೂನ್‌ನಲ್ಲಿ ಬಡ್ಡಿದರ ಶೇ 19ನ್ನು ಮುಟ್ಟಿದ್ದಾಗ ಹಣದುಬ್ಬರ ಶೇ 10ರ ಕೆಳಗಿಳಿದಿತ್ತು. 2022ರ ಮಾರ್ಚ್‌ನಲ್ಲಿ ಬಡ್ಡಿದರದ ಮೊದಲ ಏರಿಕೆ ಪ್ರಕಟವಾದಾಗ ನೈಜ ಬಡ್ಡಿದರದ ಇದೇ ಗೆರೆ ಸೊನ್ನೆಗಿಂತ 8 ಶೇಕಡಾ ಅಂಶ ಕೆಳಗಿತ್ತು. ಹಿಂದಿನ ಹಣದುಬ್ಬರದ ಬದಲು ಜನ ನಿರೀಕ್ಷಿಸುವ ಹಣದುಬ್ಬರವನ್ನೇ ಕಳೆಯಬೇಕು ಎಂಬುದು ಸರಿಯಾದ ಆಕ್ಷೇಪ. ಅದಕ್ಕೂ ಇಲ್ಲಿ ದಾರಿಯಿದೆ: ಮಿಷಿಗನ್ ವಿಶ್ವವಿದ್ಯಾಲಯದ ಸಮೀಕ್ಷೆಯ ಸರಣಿಯೂ, ಸಾಮಾನ್ಯ ಸಾಲಪತ್ರಗಳ ಪ್ರತಿಫಲಕ್ಕೂ ಹಣದುಬ್ಬರದಿಂದ ರಕ್ಷಿತವಾದ ಸಾಲಪತ್ರಗಳ ಪ್ರತಿಫಲಕ್ಕೂ ಇರುವ ಅಂತರದಿಂದ ತೆಗೆದ 2003ರಿಂದೀಚಿನ ಸರಣಿಯೂ ಲಭ್ಯವಿವೆ.

ಅಂಕಿಗಳನ್ನು ಕೊಡುವುದರ ಜೊತೆಗೆ ಅವುಗಳ ಅಡಿಟಿಪ್ಪಣಿಗಳನ್ನೂ ಪ್ರಾಮಾಣಿಕವಾಗಿ ಕೊಡುವುದು ಈ ಸೇವೆಯ ದೊಡ್ಡ ಗುಣ, ಆದರೆ ಓದುವ ಹೊಣೆ ಬಳಕೆದಾರರದೇ. ನಗದು ಮತ್ತು ಕೂಡಲೇ ಖರ್ಚು ಮಾಡಬಹುದಾದ ಠೇವಣಿಗಳನ್ನು ಎಣಿಸುವ, ಎಂ1 ಎಂಬ ಹಣದ ಪೂರೈಕೆಯ ಗ್ರಾಫನ್ನೇ ನೋಡಿ. 2020ರ ಏಪ್ರಿಲ್‌ನಲ್ಲಿ ಸುಮಾರು 4.8 ಲಕ್ಷ ಕೋಟಿ ಡಾಲರ್ ಇದ್ದದ್ದು ಮೇ ತಿಂಗಳಲ್ಲಿ 16 ಲಕ್ಷ ಕೋಟಿ ದಾಟುತ್ತದೆ. ಗೆರೆ ಗೋಡೆಯಂತೆ ನೆಟ್ಟಗೆ ಏಳುತ್ತದೆ. ಒಂದೇ ತಿಂಗಳಲ್ಲಿ ಮೂರು ಪಟ್ಟು ಹಣ ಮುದ್ರಿಸಿದರು ಎಂಬ ಒಕ್ಕಣೆಯೊಂದಿಗೆ ಈ ಚಿತ್ರ ಎಷ್ಟು ಕಡೆ ಹರಿದಾಡಿದೆಯೋ ಲೆಕ್ಕವಿಲ್ಲ. ನಡೆದದ್ದು ಬೇರೆ: ಉಳಿತಾಯ ಖಾತೆಗಳಿಂದ ತಿಂಗಳಿಗೆ ಇಂತಿಷ್ಟೇ ಬಾರಿ ಹಣ ವರ್ಗಾಯಿಸಬೇಕೆಂಬ ನಿರ್ಬಂಧವನ್ನು 2020ರ ಏಪ್ರಿಲ್‌ನಲ್ಲಿ ತೆಗೆದುಹಾಕಿದ್ದರಿಂದ, ಆ ಖಾತೆಗಳನ್ನು ಎಂ1ರ ವ್ಯಾಖ್ಯೆಯೊಳಗೆ ಸೇರಿಸಲಾಯಿತು. ಉಳಿತಾಯ ಠೇವಣಿಗಳು ಮೊದಲಿನಿಂದಲೂ ಇದ್ದ, ಇನ್ನೂ ವಿಶಾಲ ಅಳತೆಯಾದ ಎಂ2ರ ಗ್ರಾಫಿನಲ್ಲಿ ಇಂಥ ಗೋಡೆ ಇಲ್ಲ. ಆ ವರ್ಷ ಎಂ2 ಕೂಡ ಅಸಾಧಾರಣ ವೇಗದಲ್ಲಿ ಬೆಳೆಯಿತೆಂಬುದು ನಿಜ, ಆದರೆ ಅದು ಬೇರೆ ಪ್ರಮಾಣದ ಮಾತು. ವಿವರಣೆ ಗ್ರಾಫಿನ ಕೆಳಗೆ ಸ್ಪಷ್ಟವಾಗಿದೆ. ಗೆರೆಯ ಮೇಲೆಯೇ ಒಂದು ಗುರುತು ಹಾಕಿದ್ದರೆ ಎಷ್ಟೋ ತಪ್ಪು ತಿಳಿವಳಿಕೆ ಹುಟ್ಟುವ ಮೊದಲೇ ನಿಲ್ಲುತ್ತಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಡೀ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನಿಸಿದ್ದು, ಮತ್ತು ಅತಿ ಕಡಿಮೆ ಜನ ಬಳಸುವುದು, ಆಲ್ಫ್ರೆಡ್ ಎಂಬ ಅದರ ಜೋಡಿ ಸಂಗ್ರಹ. ಆರ್ಥಿಕ ಅಂಕಿಗಳು ಒಮ್ಮೆ ಪ್ರಕಟವಾಗಿ ಮುಗಿಯುವುದಿಲ್ಲ. ವರ್ಷಗಟ್ಟಲೆ ಪರಿಷ್ಕರಣೆಯಾಗುತ್ತಲೇ ಇರುತ್ತವೆ. ಒಂದು ನಿರ್ದಿಷ್ಟ ದಿನ ಜಗತ್ತಿಗೆ ಯಾವ ಅಂಕಿ ತಿಳಿದಿತ್ತು ಎಂಬುದನ್ನು ಆಲ್ಫ್ರೆಡ್ ಹಾಗೆಯೇ ಕಾಪಿಟ್ಟಿದೆ. 2008ರ ಕೊನೆಯ ತ್ರೈಮಾಸಿಕದ ಅಮೆರಿಕದ ಜಿಡಿಪಿಯನ್ನು ತೆಗೆದುಕೊಳ್ಳಿ. 2009ರ ಜನವರಿ ಕೊನೆಯಲ್ಲಿ ಬಂದ ಮೊದಲ ಅಂದಾಜಿನ ಪ್ರಕಾರ ಅದು ವಾರ್ಷಿಕ ಲೆಕ್ಕದಲ್ಲಿ ಶೇ 3.8ರಷ್ಟು ಕುಗ್ಗಿತ್ತು. ಫೆಬ್ರುವರಿಯಲ್ಲಿ ಆ ಅಂಕಿ ಶೇ 6.2 ಆಯಿತು. 2011ರ ಪರಿಷ್ಕರಣೆಯಲ್ಲಿ ಶೇ 8.9ಕ್ಕೆ ಹೋಯಿತು. ಬಡ್ಡಿದರವನ್ನು ಸೊನ್ನೆಯ ಸಮೀಪಕ್ಕೆ ಇಳಿಸಿದ ನಿರ್ಧಾರ 2008ರ ಡಿಸೆಂಬರ್‌ನದು, ಅಂದರೆ ಈ ಯಾವ ಅಂಕಿಯೂ ಹೊರಬರುವ ಮೊದಲಿನದು. ಇಂದಿನ ಪರಿಷ್ಕೃತ ಅಂಕಿಯನ್ನು ಹಿಡಿದು ಅಂದಿನವರನ್ನು ಅಳೆಯುವುದು ಎಷ್ಟು ಅನ್ಯಾಯ ಎಂಬುದು ಆ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಕಂಡಾಗ ಮನದಟ್ಟಾಗುತ್ತದೆ. ಅರ್ಥಶಾಸ್ತ್ರಜ್ಞ ಅಥನಾಸಿಯೋಸ್ ಒರ್ಫನಿಡೀಸ್ 1970ರ ದಶಕದ ಬಗ್ಗೆ ಮಾಡಿದ ಪ್ರಸಿದ್ಧ ವಾದದ ತಿರುಳೂ ಇದೇ: ಆರ್ಥಿಕತೆ ತನ್ನ ಸಾಮರ್ಥ್ಯಕ್ಕಿಂತ ಬಹಳ ಕೆಳಗಿದೆಯೆಂದು ಅಂದಿನ ಅಂಕಿಗಳು ತೋರಿಸುತ್ತಿದ್ದವು, ಆದ್ದರಿಂದ ನೀತಿ ಸಡಿಲವಾಯಿತು, ಹಣದುಬ್ಬರ ಕೈಮೀರಿತು. ಆ ಚರ್ಚೆಯನ್ನು ಒಪ್ಪುವವರೂ ಅಲ್ಲಗಳೆಯುವವರೂ ಮೊದಲು ನೋಡಬೇಕಾದ ಸಾಮಗ್ರಿ ಇಂಥ ಸಂಗ್ರಹದಲ್ಲಿದೆ.

ಈಗ ಪಾವತಿ ಶಿಲ್ಕಿನ ಕಡೆಗೆ ಬರೋಣ. ಚಾಲ್ತಿ ಖಾತೆಯಲ್ಲಿ, ಅಂದರೆ ಆಮದು-ರಫ್ತು, ಹೂಡಿಕೆಯ ಆದಾಯ ಮತ್ತು ವರ್ಗಾವಣೆಗಳ ಲೆಕ್ಕದಲ್ಲಿ, ಕೊರತೆ ಬಿದ್ದ ದೇಶಕ್ಕೆ ಸರಿಸುಮಾರು ಅಷ್ಟೇ ಮೊತ್ತದ ಬಂಡವಾಳ ಹೊರಗಿನಿಂದ ಹರಿದು ಬರಬೇಕು, ಇಲ್ಲವೇ ಅದರ ವಿದೇಶಿ ವಿನಿಮಯ ಸಂಗ್ರಹ ಕರಗಬೇಕು. ಲೆಕ್ಕದ ಎರಡು ಕಡೆ ತಾಳೆಯಾಗದೆ ಉಳಿದದ್ದು ಅಂಕಿಅಂಶದ ವ್ಯತ್ಯಾಸ ಎಂಬ ಹೆಸರಿನಲ್ಲಿ ಸೇರುತ್ತದೆ. ಈ ಎರಡೂ ಬದಿಗಳನ್ನು ಒಂದೇ ಕೋಷ್ಟಕದಲ್ಲಿ ಎದುರುಬದುರು ನೋಡಿದರೆ ಮಾತ್ರ ವಿಷಯ ಅರ್ಥವಾಗುತ್ತದೆ. ಫ್ರೆಡ್‌ನ ಹುಡುಕಾಟದಲ್ಲಿ ಅವು ಬಿಡಿಬಿಡಿ ಸರಣಿಗಳಾಗಿ ಚದುರಿ ಸಿಗುತ್ತವೆ, ಮತ್ತು ಅವುಗಳ ಅಳತೆಗಳು ಒಂದಕ್ಕೊಂದು ಹೊಂದುವುದಿಲ್ಲ. ಚಾಲ್ತಿ ಖಾತೆಯ ತ್ರೈಮಾಸಿಕ ಸರಣಿ ದಶಲಕ್ಷ ಡಾಲರುಗಳಲ್ಲಿದೆ, ಆ ಮೂರು ತಿಂಗಳ ಮೊತ್ತವಷ್ಟೇ ಅದರಲ್ಲಿದೆ. ಜಿಡಿಪಿ ಸರಣಿಯಾದರೋ ಶತಕೋಟಿ ಡಾಲರುಗಳಲ್ಲಿದೆ, ವಾರ್ಷಿಕ ದರಕ್ಕೆ ಏರಿಸಿದ್ದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ದಶಲಕ್ಷ, ಶತಕೋಟಿಗಳ ವ್ಯತ್ಯಾಸವನ್ನು ಮಾತ್ರ ಸರಿಪಡಿಸಿದವರಿಗೆ 2006ರ ಕೊರತೆ ಜಿಡಿಪಿಯ ಶೇ 1.5ರಷ್ಟು ಎಂಬ ಉತ್ತರ ಬರುತ್ತದೆ. ತ್ರೈಮಾಸಿಕ ಮೊತ್ತವನ್ನು ನಾಲ್ಕರಿಂದ ಗುಣಿಸಿದ ಬಳಿಕವೇ ನಿಜವಾದ ಸುಮಾರು ಶೇ 6 ಸಿಗುವುದು. ಒಂದು ದೇಶದ ಹೊರಗಿನ ಅವಲಂಬನೆಯ ಬಗ್ಗೆ ಈ ಎರಡು ಅಂಕಿಗಳು ಹೇಳುವ ಮಾತಿಗೆ ಅಜಗಜಾಂತರವಿದೆ. ಅಳತೆಗಳು ಅಕ್ಷದ ಪಕ್ಕದಲ್ಲಿ ನಮೂದಾಗಿವೆ ಎಂಬುದು ನಿಜ. ಹೊಂದದ ಎರಡು ಅಳತೆಗಳನ್ನು ಭಾಗಿಸುವಾಗ ಒಂದು ಎಚ್ಚರಿಕೆಯ ಸಾಲು ತೋರಿಸುವುದು ಇಷ್ಟು ಸಮರ್ಥ ಸೇವೆಗೆ ಕಷ್ಟದ ಕೆಲಸವಾಗಬಾರದು.

ಮೂರೂ ವಿಷಯಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ನೋಡಲು 1979ರಿಂದ 1991ರವರೆಗಿನ ಅವಧಿಗಿಂತ ಒಳ್ಳೆಯ ಉದಾಹರಣೆ ಸಿಗದು. ನೈಜ ಬಡ್ಡಿ ಏರಿತು, ಹೊರಗಿನ ಬಂಡವಾಳ ಬಂತು, ಡಾಲರ್ ಬಲವಾಯಿತು, ಆಮದು ಅಗ್ಗವಾಗಿ ರಫ್ತು ಸೊರಗಿತು, ಚಾಲ್ತಿ ಖಾತೆಯ ಕೊರತೆ ಹಿಗ್ಗಿತು. ಸರ್ಕಾರದ ಬಜೆಟ್ ಕೊರತೆಯೂ ಇದಕ್ಕೆ ಕೈಜೋಡಿಸಿತ್ತು. 1985ರ ಸೆಪ್ಟೆಂಬರ್ 22ರ ಪ್ಲಾಜಾ ಒಪ್ಪಂದದಲ್ಲಿ ಐದು ದೇಶಗಳು ಡಾಲರನ್ನು ಇಳಿಸಲು ಒಪ್ಪಿದವು; ಅದು ಆ ವರ್ಷದ ಆರಂಭದಿಂದಲೇ ಇಳಿಯತೊಡಗಿತ್ತು. ಆದರೂ ಕೊರತೆ 1987ರವರೆಗೆ ಬೆಳೆಯುತ್ತಲೇ ಹೋಯಿತು, ಏಕೆಂದರೆ ವಿನಿಮಯ ದರ ಬದಲಾದ ಕೂಡಲೇ ವ್ಯಾಪಾರದ ಪ್ರಮಾಣ ಬದಲಾಗುವುದಿಲ್ಲ. ಬಡ್ಡಿ, ಬೆಲೆ ಮತ್ತು ಕೊರತೆಯ ಗೆರೆಗಳನ್ನು ಫ್ರೆಡ್‌ನಲ್ಲಿ ಸಲೀಸಾಗಿ ಎಳೆಯಬಹುದು. ಡಾಲರಿನ ಗೆರೆಯ ಬಳಿ ಬಂದಾಗ ತೊಡಕು. ಹಲವು ದೇಶಗಳ ಕರೆನ್ಸಿಗಳ ಎದುರು ಡಾಲರಿನ ಮೌಲ್ಯವನ್ನು ಅಳೆಯುವ, ಈಗ ನವೀಕರಣವಾಗುತ್ತಿರುವ ವಿಶಾಲ ಡಾಲರ್ ಸೂಚ್ಯಂಕ ಆರಂಭವಾಗುವುದೇ 2006ರಿಂದ. 1973ರಿಂದ ಇದ್ದ ಹಳೆಯ ಸೂಚ್ಯಂಕ ಸ್ಥಗಿತಗೊಂಡಿದೆ. ಸ್ಥಗಿತ ಸರಣಿಯನ್ನು ಅಳಿಸದೆ ಉಳಿಸಿರುವುದು ಮೆಚ್ಚತಕ್ಕದ್ದೇ, ಆದರೆ ಎರಡನ್ನೂ ಬೆಸೆದು 1985ರಿಂದ ಇಂದಿನವರೆಗಿನ ಒಂದೇ ಗೆರೆ ಪಡೆಯುವ ಕೆಲಸ ಬಳಕೆದಾರರ ತಲೆಯ ಮೇಲೆ ಬೀಳುತ್ತದೆ. ಇನ್ನು 1991ರಲ್ಲಿ ಕೊರತೆ ಮಾಯವಾಗಿ ಚಾಲ್ತಿ ಖಾತೆ ಸೊನ್ನೆಯ ಬಳಿಗೆ ಬಂದದ್ದನ್ನು ಕಂಡು ಡಾಲರಿನ ಇಳಿಕೆಯೇ ಎಲ್ಲವನ್ನೂ ಸರಿಪಡಿಸಿತು ಎಂದುಕೊಳ್ಳಬಾರದು. ಕೊಲ್ಲಿ ಯುದ್ಧದ ಖರ್ಚಿಗಾಗಿ ಮಿತ್ರ ದೇಶಗಳು ಕೊಟ್ಟ ಹಣವೂ, ಅಂದಿನ ಆರ್ಥಿಕ ಹಿಂಜರಿತವೂ ಅದರಲ್ಲಿ ಪಾಲು ಪಡೆದಿವೆ. ವರ್ಗಾವಣೆಗಳ ಸರಣಿಯನ್ನು ಪ್ರತ್ಯೇಕವಾಗಿ ತೆರೆದು ನೋಡಿದರೆ ಆ ಒಂದು ವರ್ಷದ ಉಬ್ಬು ಎದ್ದು ಕಾಣುತ್ತದೆ.

ಎರಡು ಗೆರೆಗಳನ್ನು ಎಡ ಮತ್ತು ಬಲದ ಬೇರೆ ಬೇರೆ ಅಕ್ಷಗಳ ಮೇಲೆ ಕೂರಿಸುವ ಸೌಲಭ್ಯವನ್ನು ಮಿತವಾಗಿ ಬಳಸಬೇಕು. ಅಕ್ಷಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿದರೆ ಸಂಬಂಧವೇ ಇಲ್ಲದ ಎರಡು ಸರಣಿಗಳೂ ಕೈಕೈ ಹಿಡಿದು ನಡೆದಂತೆ ಕಾಣುತ್ತವೆ. ಎರಡನ್ನೂ ಒಂದೇ ದಿನಾಂಕಕ್ಕೆ 100 ಎಂದು ಸಮೀಕರಿಸುವ ಆಯ್ಕೆ ಅದಕ್ಕಿಂತ ಪ್ರಾಮಾಣಿಕ. ಗ್ರಾಫ್‌ನಲ್ಲಿ ಕಾಣುವ ಬೂದು ಪಟ್ಟಿಗಳು ಅಮೆರಿಕದ ಆರ್ಥಿಕ ಹಿಂಜರಿತವನ್ನಷ್ಟೇ ಸೂಚಿಸುತ್ತವೆ ಎಂಬುದನ್ನೂ ಯೆನ್ ಅಥವಾ ರೂಪಾಯಿಯ ವಿನಿಮಯ ದರ ನೋಡುವವರು ನೆನಪಿಡಬೇಕು.

ಬೇರೆ ದೇಶಗಳ ಅಂಕಿಗಳಿಗೆ ಫ್ರೆಡ್ ಮೊದಲ ಆಯ್ಕೆಯಾಗಬಾರದು. ಅವು ಒಇಸಿಡಿ (ಬಹುತೇಕ ಮುಂದುವರಿದ ದೇಶಗಳ ಒಕ್ಕೂಟ), ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ನಂಥ ಸಂಸ್ಥೆಗಳ ಮೂಲಕ ಬರುವುದರಿಂದ ಹಲವು ಸರಣಿಗಳು ತಿಂಗಳುಗಟ್ಟಲೆ ಹಿಂದುಳಿದಿರುತ್ತವೆ, ಕೆಲವು ನಿಂತೇ ಹೋಗಿವೆ. ಪಾವತಿ ಶಿಲ್ಕಿನ ಹೋಲಿಕೆ ಬೇಕಾದವರು ನೇರವಾಗಿ ಐಎಂಎಫ್ ದತ್ತಾಂಶಕ್ಕೋ ಆಯಾ ದೇಶದ ಕೇಂದ್ರ ಬ್ಯಾಂಕಿನ ಸಂಗ್ರಹಕ್ಕೋ ಹೋಗುವುದು ಒಳ್ಳೆಯದು. ಹಕ್ಕುಸ್ವಾಮ್ಯವುಳ್ಳ ಸರಣಿಗಳ ಸ್ಥಿತಿ ಇನ್ನೂ ಅನಿಶ್ಚಿತ: ಲಂಡನ್ನಿನ ಬ್ಯಾಂಕುಗಳ ನಡುವಣ ಸಾಲದ ದರವಾಗಿದ್ದ ಲೈಬಾರ್ ಬಡ್ಡಿದರದ ಸರಣಿಗಳು 2022ರಲ್ಲಿ ಇಲ್ಲಿಂದ ಕಾಣೆಯಾದವು, ಅಮೆರಿಕದ ಷೇರುಪೇಟೆಯ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಕಳೆದ ಹತ್ತು ವರ್ಷಗಳದ್ದು ಮಾತ್ರ ಸಿಗುತ್ತದೆ. ಲೇಖನಕ್ಕೋ ಪಾಠಕ್ಕೋ ಇಂಥ ಸರಣಿಯನ್ನು ಆಧರಿಸುವವರು ಕೊಂಡಿಯನ್ನು ಮಾತ್ರ ನೆಚ್ಚದೆ, ಅಂಕಿಗಳನ್ನು ಅಂದೇ ಇಳಿಸಿಕೊಂಡು ದಿನಾಂಕದೊಂದಿಗೆ ತಮ್ಮ ಬಳಿ ಇಟ್ಟುಕೊಳ್ಳಬೇಕು.