ಬ್ಯಾಕ್ಯುಲಾವೋ, ಅರ್‌ಬ್ಯಾಕಪ್ಪೋ?

ಎರಡೂ ಜಾಲದಲ್ಲಿರುವ ಹಲವು ಯಂತ್ರಗಳ ದತ್ತಾಂಶವನ್ನು ಒಂದು ಸರ್ವರ್ ಮೂಲಕ ಬ್ಯಾಕಪ್ ಮಾಡುವ ಮುಕ್ತ ತಂತ್ರಾಂಶಗಳೇ. ಆದರೆ ಹೊಂದಿಸುವ ಕೆಲಸದಲ್ಲಿ ಅಜಗಜಾಂತರ.

ಅರ್‌ಬ್ಯಾಕಪ್ ಸರ್ವರ್ ಹಾಕಿ, ಬ್ರೌಸರ್‌ನಲ್ಲಿ 55414ನೇ ಪೋರ್ಟ್ ತೆರೆದು, ಬ್ಯಾಕಪ್ ಉಳಿಯಬೇಕಾದ ಫೋಲ್ಡರ್ ತೋರಿಸಿದರೆ ಬಹುಪಾಲು ಕೆಲಸ ಮುಗಿಯಿತು. ಅದೇ ಜಾಲದಲ್ಲಿರುವ ಕ್ಲೈಂಟ್‌ಗಳನ್ನು (ಬ್ಯಾಕಪ್ ಆಗಬೇಕಾದ, ಕ್ಲೈಂಟ್ ತಂತ್ರಾಂಶ ಹಾಕಿದ ಯಂತ್ರಗಳನ್ನು) ಸರ್ವರ್ ತಾನೇ ಹುಡುಕಿಕೊಳ್ಳುತ್ತದೆ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪನ್ನು ಮಾತ್ರ ಇಂಟರ್‌ನೆಟ್ ಕ್ಲೈಂಟ್ ಎಂದು ಸೇರಿಸಬೇಕು.

ಬ್ಯಾಕ್ಯುಲಾ ಹಾಗಲ್ಲ. ಕೆಲಸ ನಡೆಸುವ ಡೈರೆಕ್ಟರ್, ಬ್ಯಾಕಪ್ ಬರೆದಿಡುವ ಸ್ಟೋರೇಜ್ ಡೀಮನ್, ಕ್ಲೈಂಟಿನಲ್ಲಿದ್ದು ದತ್ತಾಂಶ ಕಳಿಸುವ ಫೈಲ್ ಡೀಮನ್ (ಡೀಮನ್ ಎಂದರೆ ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ) ಮೂರಕ್ಕೂ ಬೇರೆ ಬೇರೆ ಸಂರಚನಾ ಕಡತ. ಡೈರೆಕ್ಟರ್ ಕಡತದಲ್ಲಿ ಕ್ಲೈಂಟಿಗೆ ಕೊಟ್ಟ ಪಾಸ್‌ವರ್ಡ್ ಆ ಕ್ಲೈಂಟಿನ ಕಡತದಲ್ಲೂ ಅಕ್ಷರ ತಪ್ಪದೆ ಇರಬೇಕು. ಹೊಸಬರು ಹೆಚ್ಚಾಗಿ ಎಡವುವುದು ಡೈರೆಕ್ಟರ್ ಕಡತದ ಸ್ಟೋರೇಜ್ ವಿಳಾಸದಲ್ಲಿ. ಅಲ್ಲಿ 'ಲೋಕಲ್‌ಹೋಸ್ಟ್' (ಅಂದರೆ 'ಇದೇ ಯಂತ್ರ') ಎಂದೇ ಬಿಟ್ಟರೆ ಸರ್ವರ್‌ನ ಸ್ವಂತ ಬ್ಯಾಕಪ್ ಸರಾಗವಾಗಿ ನಡೆಯುತ್ತದೆ, ಬೇರೆ ಯಂತ್ರಗಳದ್ದು ನಿಂತುಬಿಡುತ್ತದೆ. ಡೈರೆಕ್ಟರ್ ಆ ವಿಳಾಸವನ್ನು ಕ್ಲೈಂಟಿಗೇ ದಾಟಿಸುವುದರಿಂದ, ಪಾಪ, ಕ್ಲೈಂಟ್ ತನ್ನೊಳಗೇ ಸ್ಟೋರೇಜ್ ಡೀಮನ್‌ನ 9103ನೇ ಪೋರ್ಟ್ ಹುಡುಕುತ್ತದೆ. ಎಲ್ಲ ಯಂತ್ರಗಳಿಗೂ ತಲುಪುವ ವಿಳಾಸವನ್ನೇ ಬರೆಯಿರಿ.

ಈ ಶ್ರಮಕ್ಕೆ ಫಲವೂ ಉಂಟು. ಯಾವ ಕ್ಲೈಂಟಿನ ದತ್ತಾಂಶ ಯಾವ ಸ್ಟೋರೇಜಿಗೆ, ಡಿಸ್ಕಿಗೋ ಟೇಪಿಗೋ ಎಂಬುದನ್ನು ಕೆಲಸವಾರು ನೀವೇ ನಿರ್ಧರಿಸಬಹುದು. ಅರ್‌ಬ್ಯಾಕಪ್ ಡಿಸ್ಕನ್ನೇ ನೆಚ್ಚಿಕೊಂಡಿದೆ.

ಹತ್ತಿಪ್ಪತ್ತು ವಿಂಡೋಸ್ ಯಂತ್ರಗಳಿದ್ದು, ಪೂರ್ಣಾವಧಿ ನಿರ್ವಾಹಕರಿಲ್ಲದ ಕಚೇರಿಗೆ ಕಣ್ಣುಮುಚ್ಚಿ ಅರ್‌ಬ್ಯಾಕಪ್ ಹೇಳುತ್ತೇನೆ. ಟೇಪ್ ಇದ್ದರೆ, ಅಥವಾ ಸಂಗ್ರಹ ಎರಡು ಮೂರು ಊರುಗಳಲ್ಲಿ ಹಂಚಿಹೋಗಿದ್ದರೆ, ಬ್ಯಾಕ್ಯುಲಾ ಕಲಿಯಲು ಸಮಯ ಎತ್ತಿಡಿ.